ನಾಣ್ಯದಗಲದ ಬೋಳು ಕಬ್ಬಿಣ

ಕಣ್ಣು ಮುಚ್ಚಿದರೆ ಈಗಲೂ ಮೊದಲು ಕಾಣುವುದು ನಾಣ್ಯದಗಲದ ಒಂದು ಬೋಳು ಕಬ್ಬಿಣ. ಕಾರಿನ ಡಿಕ್ಕಿಯ ಮೂಲೆಯಲ್ಲಿ, ಮ್ಯಾಟ್ ಎತ್ತಿದರೆ ಸಿಗುವ ತಗಡಿನ ಮೇಲೆ, ಎಮರಿ ಪೇಪರಿನಿಂದ ಉಜ್ಜಿ ಉಜ್ಜಿ ನಾನೇ ಬಣ್ಣ ಕಳಚಿದ ದುಂಡನೆಯ ಜಾಗ. ಸುತ್ತ ಗಾಡಿಯ ಬಣ್ಣ, ನಡುವೆ ಆಗ ತಾನೇ ಬೆಳಗಿಟ್ಟ ಪಾತ್ರೆಯ ಹಾಗೆ ಹೊಳೆಯುವ ಲೋಹ. ಅದರ ನಡುವೆ ಒಂದು ತೂತು, ತೂತಿಗೊಂದು ಬೋಲ್ಟು, ಬೋಲ್ಟಿನ ಕೆಳಗೆ ದಪ್ಪ ಕಪ್ಪು ವೈರಿನ ತುದಿ.

ಕಾರಿಗೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರು, ಗುದ್ದು ಸದ್ದಿನ ದೊಡ್ಡ ಸ್ಪೀಕರಾದ ವೂಫರು ಕೂರಿಸುವ ಕೆಲಸದಲ್ಲಿ ಯಾರ ಕಣ್ಣಿಗೂ ಬೀಳದ ಭಾಗ ಅದು. ನನಗೋ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. ಕರೆಂಟು ಬ್ಯಾಟರಿಯಿಂದ ಕೆಂಪು ವೈರಿನಲ್ಲಿ ಬರುತ್ತದೆ, ವಾಪಸು ಹೋಗುವುದು ಗಾಡಿಯ ಮೈಯ ಕಬ್ಬಿಣದ ಮೂಲಕ. ಆ ವಾಪಸು ದಾರಿಗೆ ನಾವು ಅರ್ತ್ ಅನ್ನುತ್ತೇವೆ. ಬರುವ ದಾರಿ ಎಷ್ಟು ಅಗಲವೋ ಹೋಗುವ ದಾರಿಯೂ ಅಷ್ಟೇ ಅಗಲ ಇರಬೇಕು, ಇಲ್ಲದಿದ್ದರೆ ವೂಫರಿಗೆ ಉಸಿರು ಕಟ್ಟುತ್ತದೆ. ದೊಡ್ಡ ಊರಿನಲ್ಲಿ ನನಗೆ ಈ ಕಸುಬು ಕಲಿಸಿದ ಉಸ್ತಾದರು ಯಾರನ್ನೂ ಹೊಗಳಿದವರಲ್ಲ. ಒಮ್ಮೆ ಮಾತ್ರ ನಾನು ಕೆರೆದ ಅರ್ತ್ ಜಾಗ ನೋಡಿ, ಮಾತಿಲ್ಲದೆ ತಲೆದೂಗಿದ್ದರು. ಅವರು ತಲೆದೂಗಿದ್ದನ್ನೇ ಸರ್ಟಿಫಿಕೇಟು ಅಂದುಕೊಂಡು ನಾನು ನಮ್ಮೂರಿಗೆ ಮರಳಿ, ಅಪ್ಪನ ಶೆಡ್ಡಿನ ಒಂದು ಮೂಲೆಯಲ್ಲಿ ನನ್ನದೇ ಬೋರ್ಡು ತೂಗುಹಾಕಿದೆ.

ಅಪ್ಪನ ಹೆಸರು ವೀರಭದ್ರಾಚಾರಿ, ಊರವರ ಬಾಯಲ್ಲಿ ಭದ್ರಾಚಾರಿ. ಅವನ ಅಪ್ಪ, ತಾತ ಕುಲುಮೆಯ ಮುಂದೆ ಕೂತು ಕಬ್ಬಿಣ ಬಡಿದವರು. ಇವನು ಕಾರುಗಳ ತಗ್ಗು ಎತ್ತಿ ಬಣ್ಣ ಹೊಡೆಯುವವನು. ಮಾತು ಕಡಮೆ, ಕೆಲಸ ಜಾಸ್ತಿ. ಅವನು ಬಣ್ಣ ಹೊಡೆದ ಬಾಗಿಲನ್ನು ಹೊಸ ಬಾಗಿಲಿನ ಪಕ್ಕ ನಿಲ್ಲಿಸಿದರೆ ಯಾವುದು ಯಾವುದೆಂದು ಗಾಡಿಯ ಯಜಮಾನನೇ ತಡಬಡಾಯಿಸುತ್ತಿದ್ದ. ಅಪ್ಪನಿಗೆ ಜೀವನದಲ್ಲಿ ಇದ್ದದ್ದು ಒಬ್ಬನೇ ಶತ್ರು, ತುಕ್ಕು. ನಮ್ಮ ಮನೆತನದಲ್ಲಿ ತಾತನ ಕಾಲದಿಂದ ಒಂದು ಕಟ್ಟಳೆಯಿತ್ತು: ಕೆರೆದ ಕಬ್ಬಿಣವನ್ನು ಬೋಳು ಬಿಟ್ಟು ಊಟಕ್ಕೆ ಕೂರುವಂತಿಲ್ಲ. ತಾತನ ಕಾಲಕ್ಕೆ ಎಣ್ಣೆ ಸವರುತ್ತಿದ್ದರು, ಅಪ್ಪನ ಕಾಲಕ್ಕೆ ರೆಡ್ ಆಕ್ಸೈಡ್ ಬಂತು, ತುಕ್ಕು ಹಿಡಿಯದಂತೆ ಬಳಿಯುವ ಅದೇ ಇಟ್ಟಿಗೆ ಬಣ್ಣದ ಮೊದಲ ಲೇಪ. ತನ್ನ ತಂಗಿಯ ಮದುವೆಯ ದಿನ ಎಲೆಯ ಮುಂದೆ ಕೂತ ಅಪ್ಪ, ಹಿಂದಿನ ದಿನ ಕೆರೆದಿಟ್ಟ ಬಾನೆಟ್ಟು ನೆನಪಾಗಿ, ಪಾಯಸ ಬರುವ ಮೊದಲೇ ಎದ್ದು ಶೆಡ್ಡಿಗೆ ಓಡಿದ್ದನಂತೆ. ಬೀಗರು ಏನೋ ಮುನಿಸು ಅಂದುಕೊಂಡು ಗಾಬರಿಯಾಗಿದ್ದರಂತೆ. ಅವ್ವ ಬದುಕಿರುವವರೆಗೂ ಈ ಕತೆಯನ್ನು ನಗುತ್ತಾ ಹೇಳುತ್ತಿದ್ದಳು.

ನಾನು ಬೋರ್ಡು ಹಾಕಿದ ದಿನ ಅಪ್ಪ ಅದರ ನಾಲ್ಕು ಮೂಲೆಯ ಮೊಳೆಗಳಿಗೂ ಬಣ್ಣ ಮುಟ್ಟಿಸಿ, "ಚೆನ್ನಾಗಿದೆ" ಎಂದಿದ್ದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಮೊದಲ ಗಾಡಿ ಹೂವಿನ ವ್ಯಾಪಾರಿಯೊಬ್ಬನದು. ಹಾಕಿದೆ, ಹಾಡಿಸಿದೆ, ಸಂಜೆ ಪೂರ್ತಿ ಜೋರು ಕೊಟ್ಟು ನೋಡಿದೆ. ಶೆಡ್ಡಿನ ತಗಡೆಲ್ಲ ನಡುಗಿತು. ಬೆಳಿಗ್ಗೆ ಗಾಡಿ ಒಪ್ಪಿಸುವಾಗ ಮಾತ್ರ ಮೆಲ್ಲಗೆ ಹಾಡಿಸಿ ತೋರಿಸಿದೆ, ಯಾಕೆಂದರೆ ಎದುರುಮನೆಯ ಅಜ್ಜಿಗೆ ಅದು ಪೂಜೆಯ ಹೊತ್ತು, ಆಕೆಯ ಬಾಯಿಗೆ ಸಿಕ್ಕವರು ಆ ದಿನ ಉದ್ಧಾರವಾಗುತ್ತಿರಲಿಲ್ಲ. ವ್ಯಾಪಾರಿ ಖುಷಿಯಿಂದ ಹೋದ. ನಾಲ್ಕನೆಯ ದಿನ ಮುಖ ಊದಿಸಿಕೊಂಡು ಬಂದ. ಮೆಲ್ಲಗೆ ಹಾಕಿದರೆ ಹಾಡುತ್ತದಂತೆ. ಜೋರು ಕೊಟ್ಟು ಡೋಲಿನ ಏಟು ಬಿದ್ದ ಕೂಡಲೇ ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿಕೊಂಡು ಎಲ್ಲ ಮೌನವಂತೆ. ನಾನು ಫ್ಯೂಸು ನೋಡಿದೆ, ವೈರು ನೋಡಿದೆ, ಕಂಡ ಕಂಡ ನಟ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿದೆ. ಸರಿಹೋಯಿತು. ಎರಡು ದಿನಕ್ಕೆ ಮತ್ತೆ ಕೆಟ್ಟಿತು.

ಒಂದಾದರೆ ಗ್ರಹಚಾರ ಅನ್ನಬಹುದು. ಎರಡನೆಯ ಗಾಡಿ, ಮೂರನೆಯ ಗಾಡಿ, ನಾಲ್ಕನೆಯದೂ ಅದೇ ರೋಗ ಹೊತ್ತು ತಂದವು. ನಮ್ಮದು ಸಣ್ಣ ಊರು. ಇಲ್ಲಿ ಸೀನಿದರೆ ಸಂತೆಮಾಳದಲ್ಲಿ ನೆಗಡಿಯ ಸುದ್ದಿ. ಬಸ್ ಸ್ಟ್ಯಾಂಡಿನ ಹತ್ತಿರ ಕಾರಿನ ಅಲಂಕಾರದ ಅಂಗಡಿ ಇಟ್ಟಿದ್ದ ಕಾಂತರಾಜು ನನ್ನ ಗಿರಾಕಿಗಳನ್ನೆಲ್ಲ ಕೂರಿಸಿ ಟೀ ಕುಡಿಸಿ, ಇದು ಹೆಣ್ಣುಮಕ್ಕಳು ಸೀರೆಗೆ ಫಾಲ್ಸ್ ಹೊಲಿಯುವ ಕೆಲಸ ಅಲ್ಲ ಎಂದನಂತೆ. ಆ ಮಾತು ನನ್ನ ಕಿವಿಗೆ ಬಂದಾಗ ಮೈ ಉರಿದುಹೋಯಿತು. ಉರಿದು ಏನು ಮಾಡುವುದು, ಗಾಡಿಗಳು ವಾಪಸು ಬರುತ್ತಿದ್ದದ್ದು ನಿಜವಲ್ಲವೇ?

ಪೇಟೆಯಲ್ಲಿ ನಮ್ಮ ಚಿಕ್ಕಪ್ಪನಿಗೊಂದು ಬಟ್ಟೆ ಅಂಗಡಿ. ಅಲ್ಲಿ ಬಿಲ್ಲು ಬರೆಯಲು ನಂಬಿಕೆಯವರು ಬೇಕು ಎಂದು ಅವನು ಮೊದಲಿನಿಂದಲೂ ನನ್ನ ಹಿಂದೆ ಬಿದ್ದಿದ್ದ. ಫ್ಯಾನಿನ ಕೆಳಗಿನ ಕೆಲಸ, ಕೈಗೆ ಗ್ರೀಸು ಹತ್ತುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದ. ನಾಲ್ಕನೆಯ ಗಾಡಿ ವಾಪಸು ಬಂದ ದಿನ ನಾನು ಅಪ್ಪನೆದುರು ನಿಂತು, ಇನ್ನೊಂದೇ ಒಂದು ಗಾಡಿ, ಅದೂ ಹೀಗೇ ಆದರೆ ಬೋರ್ಡು ಇಳಿಸಿ ಚಿಕ್ಕಪ್ಪನ ಅಂಗಡಿಗೆ ಹೋಗುತ್ತೇನೆ ಎಂದೆ. ಅಪ್ಪ ಸ್ಪ್ರೇ ಗನ್ನಿನ ಮೂತಿ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. ತೊಳೆದ ಮೂತಿಯನ್ನೇ ಮತ್ತೆ ತೊಳೆದ.

ಆ ಇನ್ನೊಂದು ಗಾಡಿಯನ್ನು ತಂದವರು ದಾನಿಯೇಲ್ ಮೇಷ್ಟ್ರು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಊರಿನ ಅರ್ಧಕ್ಕರ್ಧ ಜನರಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ತಿಳಿಸಿಕೊಟ್ಟವರು, ನನ್ನನ್ನೂ ಸೇರಿಸಿ. ಆ ವರ್ಷದ ಕ್ರೀಡೋತ್ಸವ ನಮ್ಮೂರ ಮೈದಾನದಲ್ಲಿ ನಡೆಯುವುದಿತ್ತು. ಸುತ್ತಲಿನ ಹನ್ನೆರಡು ಶಾಲೆಗಳ ಆರುನೂರು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಬೇಕು. ಶಾಲೆಯ ಬ್ಯಾಂಡಿನ ದೊಡ್ಡ ಡ್ರಮ್ಮಿನ ಚರ್ಮ ಹರಿದುಹೋಗಿತ್ತು. ಬಾರಿಸುತ್ತಿದ್ದವನು ಊರು ಬಿಟ್ಟಿದ್ದ. ಮೇಷ್ಟ್ರ ಹತ್ತಿರ ಹಳೆಯ ಡ್ರಮ್ಮಿನ ರೆಕಾರ್ಡಿಂಗ್ ಇತ್ತು, ಒಂದು ಬಿಳಿ ಕಾರಿತ್ತು. ಕಾರಿನ ಡಿಕ್ಕಿ ತೆರೆದು ಮೈದಾನದ ನಡುವೆ ನಿಲ್ಲಿಸಿ, ಅದರಿಂದ ಆರುನೂರು ಮಕ್ಕಳಿಗೆ ಹೆಜ್ಜೆ ಕೊಡುವುದು ಅವರ ಯೋಚನೆ.

"ಮೈಕಿನ ಕೂಗು ಕಿವಿಗೆ ಹೋಗುತ್ತೆ ಕಣಮ್ಮ. ಡ್ರಮ್ಮಿನ ಗುದ್ದು ಕಾಲಿಗೆ ಹೋಗ್ಬೇಕು," ಎಂದರು ಮೇಷ್ಟ್ರು. "ಮಧ್ಯದಲ್ಲಿ ಒಂದೇ ಒಂದು ಏಟು ತಪ್ಪಿದ್ರೂ ಸಾಕು, ಹಿಂದಿನ ಸಾಲು ಮುಂದಿನ ಸಾಲನ್ನ ತುಳಿಯುತ್ತೆ. ಆಗುತ್ತೇನು ನಿನ್ನ ಕೈಲಿ?"

ಕಾಂತರಾಜುವನ್ನು ಬಿಟ್ಟು ನನ್ನ ಹತ್ತಿರ ಯಾಕೆ ಬಂದಿರಿ ಎಂದು ಕೇಳಿದೆ. ನೀನು ನನ್ನ ವಿದ್ಯಾರ್ಥಿ, ಒಂದು ದಿನವೂ ಹೆಜ್ಜೆ ತಪ್ಪಿದವಳಲ್ಲ ಎಂದರು. ಆಗುತ್ತೆ ಮೇಷ್ಟ್ರೇ ಎಂದುಬಿಟ್ಟೆ.

ಎರಡು ದಿನ ಆ ಗಾಡಿಯ ಒಳಗೇ ಬದುಕಿದೆ. ಹೊಸ ವೈರು, ಹೊಸ ಫ್ಯೂಸು, ದಪ್ಪ ಮರದ ಪೆಟ್ಟಿಗೆ, ಅದರೊಳಗೆ ತಟ್ಟೆಯಗಲದ ವೂಫರು. ಅರ್ತ್ ಜಾಗವನ್ನು ಮಾತ್ರ ಒಂದು ಗಂಟೆ ಉಜ್ಜಿದೆ ಅಂದರೆ ನಂಬಿ. ಅದರಲ್ಲಿ ನನ್ನ ಮುಖ ಕಾಣಬೇಕು, ಹಾಗೆ ಉಜ್ಜಿದೆ. ಸಂಜೆ ಡ್ರಮ್ಮಿನ ರೆಕಾರ್ಡಿಂಗ್ ಹಾಕಿ ಜೋರು ಕೊಟ್ಟೆ. ಗುದ್ದು ಎದೆಗೆ ಬಂದು ಬಡಿಯಿತು. ಶೆಡ್ಡಿನ ಗೋಡೆಯಲ್ಲಿದ್ದ ಅಪ್ಪನ ಬಣ್ಣದ ಡಬ್ಬಗಳೆಲ್ಲ ಸಾಲಾಗಿ ಕುಣಿದವು. ಅರ್ಧ ಗಂಟೆ ಬಡಿಸಿದರೂ ಕೆಂಪು ದೀಪ ಹತ್ತಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಹೋಗಿ ಅನ್ನಕ್ಕಿಟ್ಟೆ. ಅಪ್ಪ ಎಂದಿನಂತೆ ಶೆಡ್ಡು ಗುಡಿಸಿ, ಗಿರಾಕಿಗೆ ಹೋಗಬೇಕಾದ ಗಾಡಿಯನ್ನು ಒಳಗೂ ಹೊರಗೂ ಒರೆಸಿಟ್ಟು, ಆಮೇಲೆ ಊಟಕ್ಕೆ ಬಂದ. ಅದು ಅವನ ಪದ್ಧತಿ. ನನ್ನ ಗಾಡಿಗಳನ್ನೂ ತನ್ನ ಗಾಡಿಗಳಂತೆಯೇ ಒರೆಸುತ್ತಿದ್ದ.

ಮೇಷ್ಟ್ರು ಗಾಡಿ ಒಯ್ದರು. ಕ್ರೀಡೋತ್ಸವಕ್ಕೆ ಐದು ದಿನ ಉಳಿದಿತ್ತು. ಮರುದಿನ ಮಧ್ಯಾಹ್ನ ಬಿಳಿ ಕಾರು ನಮ್ಮ ಬೀದಿಯ ತಿರುವಿನಲ್ಲಿ ಮತ್ತೆ ಕಂಡಿತು. ಮೇಷ್ಟ್ರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಿ ಅಭ್ಯಾಸಕ್ಕೆ ಹಾಕಿದರೆ ಮೂರನೆಯ ಏಟಿಗೇ ಉಸಿರು ನಿಂತಿತು ಎಂದಷ್ಟೇ ಹೇಳಿ, ನಾಳಿದ್ದು ಬರುತ್ತೇನೆ ಎಂದು ನಡೆದುಕೊಂಡು ಹೋದರು.

ಆಮೇಲಿನ ಎರಡು ದಿನ ನಾನು ಮಾಡದ ಕೆಲಸವಿಲ್ಲ. ವೂಫರು ಕಳಚಿ ಬೇರೆಯದು ಹಾಕಿದೆ, ಅದೇ ಕತೆ. ಬ್ಯಾಟರಿ ಬದಲಾಯಿಸಿದೆ, ಅದೇ ಕತೆ. ಫ್ಯೂಸಿನ ಗೂಡು, ಹಾಡಿನ ಸೆಟ್ಟಿನಿಂದ ಬರುವ ಸಣ್ಣ ವೈರು, ಆಂಪ್ಲಿಫೈಯರನ್ನು ಎಬ್ಬಿಸುವ ನೀಲಿ ವೈರು, ಒಂದೊಂದನ್ನೂ ಕಿತ್ತು ಜೋಡಿಸಿದೆ. ಕೊನೆಗೆ ಆಂಪ್ಲಿಫೈಯರೇ ಕಳ್ಳ ಎಂದುಕೊಂಡೆ. ಆದರೆ ನನ್ನ ಹತ್ತಿರ ಇನ್ನೊಂದು ಇರಲಿಲ್ಲ. ಇದ್ದದ್ದು ಕಾಂತರಾಜುವಿನ ಹತ್ತಿರ.

ಹಲ್ಲು ಕಚ್ಚಿಕೊಂಡು ಹೋದೆ. ಅವನು ನನ್ನನ್ನು ನಿಲ್ಲಿಸಿಕೊಂಡೇ ಇಡೀ ಟೀ ಮುಗಿಸಿದ. ಆಮೇಲೆ ಕಪಾಟಿನಿಂದ ಒಂದು ಆಂಪ್ಲಿಫೈಯರು ತೆಗೆದು ಕೈಗಿಟ್ಟು, "ಒಯ್ದು ನೋಡವ್ವ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ನಾಳೆ ನನ್ನ ಆಂಪ್ಲಿಫೈಯರೂ ಡೊಂಕು ಅಂತ ಮಾತ್ರ ಹೇಳ್ಬೇಡ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ತಂದು ಜೋಡಿಸಿದೆ. ಮೂರನೆಯ ಏಟಿಗೆ ಕೆಂಪು ದೀಪ. ಅವನ ಆಂಪ್ಲಿಫೈಯರೂ ಸತ್ತಿತು, ನನ್ನ ಹಮ್ಮೂ ಸತ್ತಿತು.

ಡಿಕ್ಕಿಯ ಅಂಚಿನ ಮೇಲೆ ಕೂತುಬಿಟ್ಟೆ. ಮಧ್ಯಾಹ್ನದ ಬಿಸಿಲು ಶೆಡ್ಡಿನ ತಗಡು ಸೀಳಿ ಒಳಗೆ ಬೀಳುತ್ತಿತ್ತು. ನಾಳೆ ಬಿಟ್ಟು ನಾಡಿದ್ದು ಕ್ರೀಡೋತ್ಸವ. ಬಟ್ಟೆ ಅಂಗಡಿಯ ಫ್ಯಾನಿನ ಗಾಳಿ ಆಗಲೇ ಕತ್ತಿನ ಹಿಂದೆ ಬಂದು ಬಡಿದ ಹಾಗಾಯಿತು. ಅಳು ಬಂತು, ಅತ್ತೆ. ಅತ್ತು ಮುಗಿದ ಮೇಲೆ ಉಸ್ತಾದರ ಒಂದು ಮಾತು ನೆನಪಾಯಿತು: ಎಲ್ಲವನ್ನೂ ಸಂಶಯಪಟ್ಟ ಮೇಲೂ ರೋಗ ಸಿಗದಿದ್ದರೆ, ಯಾವುದನ್ನು ಸಂಶಯಪಟ್ಟಿಲ್ಲವೋ ಅದನ್ನು ಹುಡುಕು. ನಾನು ಸಂಶಯಪಡದೆ ಉಳಿಸಿದ್ದು ಒಂದೇ ಒಂದು. ನನ್ನ ಕೈಯಾರೆ ಉಜ್ಜಿದ, ನನ್ನ ಹೆಮ್ಮೆಯ ಅರ್ತ್. ಐದೂ ಗಾಡಿಗಳಲ್ಲಿ ಆ ಬೋಲ್ಟನ್ನು ಬಿಗಿದಿದ್ದೆನೇ ಹೊರತು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಯಾಕೆ ನೋಡಲಿ? ಮುಖ ಕಾಣುವಂತೆ ಉಜ್ಜಿದವಳು ನಾನೇ ಅಲ್ಲವೇ.

ಮುಳ್ಳಿನ ಮೀಟರು ತಂದೆ. ಒಂದು ಕಡ್ಡಿಯನ್ನು ಆಂಪ್ಲಿಫೈಯರಿನ ಅರ್ತ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ ತುದಿಯಿಂದ ಎಳೆದ ತುಂಡು ವೈರಿಗೆ ಸಿಕ್ಕಿಸಿದೆ. ಎರಡೂ ಒಂದೇ ದಾರಿಯ ಎರಡು ತುದಿ. ದಾರಿ ಸರಿಯಿದ್ದರೆ ಮುಳ್ಳು ಸೊನ್ನೆಯ ಹತ್ತಿರವೇ ಮಲಗಿರಬೇಕು. ಡ್ರಮ್ಮು ಹಾಕಿದೆ. ಮೊದಲ ಏಟಿಗೆ ಮುಳ್ಳು ಎದ್ದು ಕೂತಿತು. ಎರಡನೆಯ ಏಟಿಗೆ ಇನ್ನೂ ಎತ್ತರಕ್ಕೆ ನೆಗೆಯಿತು. ಮೂರನೆಯದಕ್ಕೆ ಕೆಂಪು ದೀಪ. ಮುಳ್ಳು ನನ್ನ ಮುಂದೆ ಹೆಜ್ಜೆ ಹಾಕಿ ತೋರಿಸುತ್ತಿತ್ತು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೀಯಲ್ಲೇ ಎಂದು.

ಸ್ಪ್ಯಾನರು ಹಾಕಿ ಬೋಲ್ಟು ಬಿಚ್ಚಿದೆ. ವೈರಿನ ತುದಿ ಎತ್ತಿದೆ. ಹೊಳೆಯಬೇಕಾದ ಕಬ್ಬಿಣ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಇಟ್ಟಿಗೆ ಬಣ್ಣದ ಒಂದು ದುಂಡನೆಯ ಬೊಟ್ಟು, ಗಟ್ಟಿಯಾಗಿ ಒಣಗಿ ಕೂತಿತ್ತು. ಬಣ್ಣವೆಂದರೆ ಕರೆಂಟಿಗೆ ಗೋಡೆ. ಬೋಲ್ಟಿನ ಸುತ್ತುಗಳ ಸಂದಿಯಲ್ಲಿ ಅಷ್ಟಿಷ್ಟು ನುಸುಳಿ ಮೆಲ್ಲಗೆ ಹಾಡುತ್ತಿದ್ದದ್ದು, ಜೋರು ಕೊಟ್ಟ ಕೂಡಲೇ ಉಸಿರು ಕಟ್ಟುತ್ತಿದ್ದದ್ದು ಅದಕ್ಕೇ. ನಾನು ನಟ್ಟು ಬಿಗಿದಾಗಲೆಲ್ಲ ಬಣ್ಣ ಒಂದು ಕೂದಲಿನಷ್ಟು ಬಿರಿದು, ಒಂದೆರಡು ದಿನ ದಾರಿ ಬಿಡುತ್ತಿತ್ತು ಅಷ್ಟೇ.

ಯಾರೋ ಬೇಕೆಂದೇ ಮಾಡಿದ್ದಾರೆ ಎಂದು ಒಂದು ಕ್ಷಣ ಕಾಂತರಾಜುವಿನ ಮುಖ ಕಣ್ಣ ಮುಂದೆ ಬಂತು. ಆದರೆ ಆ ಬೊಟ್ಟಿನ ಅಂಚು ನೋಡಿದೆ. ಎಳ್ಳಷ್ಟೂ ಹೊರಗೆ ಹರಿದಿರಲಿಲ್ಲ. ಬ್ರಷ್ಷಿನ ಗೆರೆ ಕಾಣದ ಹಾಗೆ ಎಳೆದು, ಅಂಚನ್ನು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒರೆಸಿದ ಕೆಲಸ. ಕೇಡು ಮಾಡಲು ಬಂದವನು ಇಷ್ಟು ಪ್ರೀತಿಯಿಂದ ಬಣ್ಣ ಬಳಿಯುವುದಿಲ್ಲ. ಇಡೀ ಊರಿನಲ್ಲಿ ಹೀಗೆ ಅಂಚು ಒರೆಸುವ ಕೈ ಒಂದೇ ಒಂದು.

ಸಿಟ್ಟು ನೆತ್ತಿಗೇರಿತು. ನನ್ನ ಐದು ಗಾಡಿ, ನನ್ನ ಹೆಸರು, ಅಂಗಡಿಯ ತುಂಬ ಬಿದ್ದ ನಗು. ಎದ್ದು ಕೂಗಬೇಕು ಎಂದುಕೊಂಡೆ. ಶೆಡ್ಡಿನ ಆಚೆ ತುದಿಯಲ್ಲಿ ಅಪ್ಪ ಬೆನ್ನು ಬಗ್ಗಿಸಿಕೊಂಡು ಒಂದು ಬಾಗಿಲಿಗೆ ತಗ್ಗು ಮುಚ್ಚುವ ಪುಟ್ಟಿ ಸವರುತ್ತಿದ್ದ. ಕಿವಿಯ ಹಿಂದೆ ಪೆನ್ಸಿಲು, ಹೆಬ್ಬೆರಳಿಗೆ ಸುತ್ತಿದ ಬಟ್ಟೆ.

"ಅಪ್ಪ, ಒಂಚೂರು ಬಾ ಇಲ್ಲಿ. ಈ ಮೀಟರು ಹಿಡ್ಕೊ," ಎಂದೆ.

ಬೋಲ್ಟನ್ನು ಮೊದಲಿನ ಹಾಗೇ ಹಾಕಿ ಬಿಗಿದು ಡ್ರಮ್ಮು ಹಚ್ಚಿದೆ. ಮುಳ್ಳು ನೆಗೆಯುವುದನ್ನು ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಇದೇನು ಹೇಳುತ್ತಿದೆ ಎಂದು ಕೇಳಿದ.

"ಕರೆಂಟು ವಾಪಸ್ ಹೋಗೋಕೆ ದಾರಿ ಇಲ್ಲ ಅಂತಿದೆ. ದಾರೀಲಿ ಬಣ್ಣ ಕೂತಿದೆ ಅಂತಿದೆ."

ಅಪ್ಪ ಆ ಬೋಲ್ಟನ್ನೇ ನೋಡಿದ. ಮೀಟರನ್ನು ಜೋಪಾನವಾಗಿ ಕೆಳಗಿಟ್ಟ. ಹೆಬ್ಬೆರಳಿನ ಬಟ್ಟೆ ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡ.

"ಬೋಲ್ಟು ಬಿಚ್ಚಿ ಅದನ್ನ ಬಳಿದಿದ್ದು ನಾನು. ಒಣಗಿದ ಮೇಲೆ ಬೆಳಿಗ್ಗೆ ಮತ್ತೆ ಬಿಗಿದಿಟ್ಟೆ," ಎಂದ.

"ಗೊತ್ತು."

"ನೀನು ಮರೆತು ಬಿಟ್ಟೋಗಿದ್ದೀಯ ಅಂದ್ಕೊಂಡೆ ಮಗಾ. ಇವತ್ತು ಬೋಳು ಬಿಟ್ರೆ ಮಳೆಗಾಲಕ್ಕೆ ತುಕ್ಕು. ಭದ್ರಾಚಾರಿ ಮಗಳು ಕೆರೆದು ಹಾಗೇ ಬಿಟ್ಲು ಅಂತ ನಾಳೆ ಯಾರೂ ನಿನ್ನನ್ನ ಅನ್ನಬಾರದು ಅಂತ..."

"ಎಲ್ಲಾ ಗಾಡಿಗೂ ಬಳಿದ್ಯಾ?"

"ಎಲ್ಲಾದಕ್ಕೂ. ನಿನಗೆ ಹೇಳಿದ್ರೆ ಬೇಜಾರಾಗ್ತೀಯ ಅಂತ ಹೇಳ್ಲಿಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಒಂದೇ ಶೆಡ್ಡಿನಲ್ಲಿ, ಒಂದೇ ಕಬ್ಬಿಣದ ಮೇಲೆ, ಹಗಲು ನಾನು ಬಣ್ಣ ಕಳಚುತ್ತಿದ್ದೆ, ಸಂಜೆ ಅವನು ಬಳಿಯುತ್ತಿದ್ದ. ಯಾಕೆ ಕೆರೆಯುತ್ತೀ ಎಂದು ಅವನು ಕೇಳಲಿಲ್ಲ, ಯಾಕೆ ಕೆರೆಯುತ್ತೇನೆ ಎಂದು ನಾನು ಹೇಳಲಿಲ್ಲ. ನಾನೋ ದೊಡ್ಡ ಊರಿನಲ್ಲಿ ಕಲಿತು ಬಂದವಳು, ಈ ಬಣ್ಣದವನಿಗೇನು ತಿಳಿಯುತ್ತದೆ ಎಂಬ ಜಂಬ ಒಳಗೆಲ್ಲೋ ಇದ್ದಿರಬೇಕು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆವತ್ತು ಅಪ್ಪನೆದುರು ಒಪ್ಪಿಕೊಳ್ಳಲಿಲ್ಲ. ನಾನೇ ಹೇಳಬೇಕಿತ್ತು ಎಂದು ಮಾತ್ರ ಅಂದೆ.

ಅಪ್ಪ ಕೈ ಚಾಚಿ, "ಆ ಪೇಪರ್ ಕೊಡಿಲ್ಲಿ" ಎಂದ.

ನಾನು ಉಜ್ಜುತ್ತೇನೆ ಬಿಡು ಎಂದರೂ ಕೇಳಲಿಲ್ಲ. ಮೊಣಕಾಲೂರಿ ಡಿಕ್ಕಿಯೊಳಗೆ ಬಗ್ಗಿ, ತಾನು ಬಳಿದ ಬಣ್ಣವನ್ನು ತಾನೇ ಉಜ್ಜಿ ತೆಗೆದ. ನಾನು ಒಂದು ಗಂಟೆ ತೆಗೆದುಕೊಂಡ ಕೆಲಸ ಅವನಿಗೆ ಹತ್ತು ನಿಮಿಷ. ಊದಿ, ಒರೆಸಿ, ಪಕ್ಕಕ್ಕೆ ಸರಿದ. ನಾಣ್ಯದಗಲದ ಕಬ್ಬಿಣ ಮತ್ತೆ ಹೊಳೆಯಿತು. ವೈರಿನ ತುದಿ ಕೂರಿಸಿ ಬೋಲ್ಟು ಬಿಗಿದೆ. ಕಾಂತರಾಜುವಿನ ಆಂಪ್ಲಿಫೈಯರು ಬಿಚ್ಚಿ ನನ್ನದನ್ನೇ ಮತ್ತೆ ಹಾಕಿದೆ. ಡ್ರಮ್ಮು ಹಚ್ಚಿದೆ. ಮುಳ್ಳು ಸೊನ್ನೆಯ ಮೇಲೆ ಮಲಗಿದ್ದು ಅಲುಗಲಿಲ್ಲ. ಗುದ್ದಿನ ಮೇಲೆ ಗುದ್ದು ಬಿದ್ದು ಬಣ್ಣದ ಡಬ್ಬಗಳೆಲ್ಲ ಮತ್ತೆ ಕುಣಿದವು. ಎದುರುಮನೆಯ ಅಜ್ಜಿ ಹೊರಗೆ ಬಂದು ನಮ್ಮಿಬ್ಬರ ವಂಶಕ್ಕೂ ಶಾಪ ಹಾಕಿದಳು. ನಮ್ಮಿಬ್ಬರದೂ ಒಂದೇ ವಂಶ ಎಂದು ಅಪ್ಪ ಮೆಲ್ಲಗೆ ಹೇಳಿದ. ಅವನು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಬಹಳ ತಡವಾಗಿತ್ತು. ಬುತ್ತಿ ಬಿಚ್ಚಿ ಬಡಿಸಿದೆ. ಅಪ್ಪ ಕೈ ತೊಳೆದು ಬಂದು, ಒಂದು ಸಲ ಬಿಳಿ ಕಾರಿನ ಕಡೆಗೆ ನೋಡಿ, ಒಂದು ಸಲ ರೆಡ್ ಆಕ್ಸೈಡಿನ ಡಬ್ಬದ ಕಡೆಗೆ ನೋಡಿ, ತಟ್ಟೆಯ ಮುಂದೆ ಕೂತ. ತಂಗಿಯ ಮದುವೆಯ ಎಲೆ ಬಿಟ್ಟು ಎದ್ದವನು, ಆವತ್ತು ಬೋಳು ಕಬ್ಬಿಣ ಬಿಟ್ಟು ಉಂಡ. ಮೊದಲ ತುತ್ತು ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡು ಸಲ ಸಾರು ಹಾಕಿಸಿಕೊಂಡ.

ಉಂಡು ಎದ್ದ ಮೇಲೆ ಅವನ ತಲೆ ಓಡತೊಡಗಿತು. ಕರೆಂಟಿಗೆ ಬೇಕಾದದ್ದು ವೈರು ಕೂರುವ ಜಾಗ ತಾನೇ, ಅದರ ಸುತ್ತ ಬಣ್ಣ ಇದ್ದರೆ ಏನು ಅಡ್ಡಿ ಎಂದು ಕೇಳಿದ. ಏನೂ ಅಡ್ಡಿಯಿಲ್ಲ ಎಂದೆ. ಸಣ್ಣ ಬ್ರಷ್ಷು ತಂದು, ಬಿಗಿದ ಬೋಲ್ಟಿನ ಸುತ್ತ, ಬೋಳು ಜಾಗದ ಅಂಚಿಗೆ ಸರಿಯಾಗಿ ಇಟ್ಟಿಗೆ ಬಣ್ಣದ ಒಂದು ಬಳೆ ಎಳೆದ. ಬೋಲ್ಟಿನ ಮೇಲೆ ಒಂದು ಬೆರಳು ಗ್ರೀಸು ಸವರಿ ನೀರಿಗೆ ದಾರಿ ಮುಚ್ಚಿದ. ಒಳಗೆ ನನ್ನ ಕಬ್ಬಿಣ, ಹೊರಗೆ ಅವನ ಬಣ್ಣ. ಉಸ್ತಾದರಿಗೂ ಹೊಳೆಯದಿದ್ದ ಉಪಾಯ ಅದು.

ಕ್ರೀಡೋತ್ಸವದ ಬೆಳಿಗ್ಗೆ ಮೈದಾನಕ್ಕೆ ಊರಿಗೆ ಊರೇ ಬಂದಿತ್ತು. ನಡುವೆ ಡಿಕ್ಕಿ ತೆರೆದ ಬಿಳಿ ಕಾರು. ಕಾಂತರಾಜು ಬಂದು, ಕೈಕಟ್ಟಿಕೊಂಡು, ಎಲ್ಲರಿಗೂ ಕಾಣುವ ಜಾಗ ನೋಡಿ ನಿಂತಿದ್ದ. ಅಪ್ಪ ಕಾರಿನ ಹಿಂದೆ, ಡಿಕ್ಕಿಯ ಪಕ್ಕ, ಕೂಸಿನ ಬೆನ್ನಿಗೆ ಕೈಯಿಟ್ಟ ಹಾಗೆ ತಗಡಿನ ಮೇಲೆ ಅಂಗೈಯಿಟ್ಟು ನಿಂತ. ಮೇಷ್ಟ್ರು ಸೀಟಿ ಊದಿ ನನ್ನ ಕಡೆ ಕೈ ಎತ್ತಿದರು. ನಾನು ಗುಂಡಿ ಒತ್ತಿದೆ.

ಮೊದಲ ಏಟು. ಎರಡನೆಯದು. ಮೂರನೆಯ ಏಟಿಗೆ ನಾನು ಕಣ್ಣು ಮುಚ್ಚಿದೆ. ನಾಲ್ಕನೆಯದು ಬಿತ್ತು, ಐದನೆಯದು ಬಿತ್ತು. ಕಣ್ಣು ಬಿಟ್ಟಾಗ ಆರುನೂರು ಎಡಗಾಲುಗಳು ಒಟ್ಟಿಗೆ ನೆಲಕ್ಕೆ ಬೀಳುತ್ತಿದ್ದವು. ಧೂಳು ಏಳುತ್ತಿತ್ತು, ಸಾಲುಗಳು ತಿರುಗುತ್ತಿದ್ದವು, ಆ ಮೂಲೆಯ ಪುಟ್ಟ ಮಕ್ಕಳ ಶಾಲೆಯವರೂ ಹೆಜ್ಜೆ ತಪ್ಪಲಿಲ್ಲ. ವೇದಿಕೆಯ ಮೇಲಿದ್ದ ದೊಡ್ಡ ಮನುಷ್ಯರ ಕಾಲುಗಳು ಮೇಜಿನ ಕೆಳಗೆ ತಮಗರಿವಿಲ್ಲದೆ ತಾಳ ಹಾಕುತ್ತಿದ್ದವು. ಮೈದಾನಕ್ಕೆ ಮೂರು ಸುತ್ತು. ಕೆಂಪು ದೀಪ ಹತ್ತಲಿಲ್ಲ. ಕೊನೆಯ ಏಟು ನಿಂತಾಗ ಇಡೀ ಮೈದಾನದಿಂದ ಚಪ್ಪಾಳೆ ಬಿತ್ತು. ದಾನಿಯೇಲ್ ಮೇಷ್ಟ್ರು ಮಕ್ಕಳಿಗೆ ಸೆಲ್ಯೂಟ್ ಹೊಡೆದು, ಹಾಗೇ ತಿರುಗಿ ನನಗೂ ಒಂದು ಹೊಡೆದರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಬಹುಮಾನ ಇನ್ನೊಂದು ಬಂದಿಲ್ಲ.

ಕಾಂತರಾಜು ಹತ್ತಿರ ಬಂದು, ಏನಿತ್ತು ತೊಂದರೆ ಎಂದು ಕೇಳಿದ. ಅಪ್ಪನ ಮುಖ ಸಣ್ಣಗಾಯಿತು.

"ನೀವು ಹೇಳಿದ್ದೇ ಸರಿ ಅಣ್ಣ. ಡೊಂಕಿದ್ದಿದ್ದು ನನ್ನಲ್ಲೇ. ನೋಡಬೇಕಾದ್ದನ್ನ ಬಿಟ್ಟು ಬೇರೆಯೆಲ್ಲಾ ನೋಡಿದ್ದೆ," ಎಂದೆ. "ನಿಮ್ಮ ಆಂಪ್ಲಿಫೈಯರು ಕೊಟ್ಟು ಉಪಕಾರ ಮಾಡಿದ್ರಿ. ಅದಕ್ಕೇನೂ ಆಗಿಲ್ಲ, ಸಂಜೆ ತಂದುಕೊಡ್ತೀನಿ."

ಅವನು ತಲೆ ಕೆರೆದುಕೊಂಡು ಹೋದ. ಅಪ್ಪ ನನ್ನ ಕಡೆ ನೋಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಎಂದೂ ಇಲ್ಲದ್ದು, ನನ್ನ ಕೈಯಿಂದ ಟೂಲ್ ಚೀಲ ಇಸಿದುಕೊಂಡು ತಾನೇ ಹೊತ್ತುಕೊಂಡ.

ಆ ವಾರವೇ ನಾಲ್ಕೂ ಹಳೆಯ ಗಾಡಿಗಳನ್ನು ನಾವಿಬ್ಬರೇ ಮನೆ ಮನೆಗೆ ಹೋಗಿ ಸರಿಮಾಡಿ ಬಂದೆವು. ಅಪ್ಪ ಉಜ್ಜುತ್ತಿದ್ದ, ನಾನು ಬಿಗಿಯುತ್ತಿದ್ದೆ, ಅಪ್ಪ ಬಳೆ ಎಳೆಯುತ್ತಿದ್ದ. ಚಿಕ್ಕಪ್ಪ ಬಟ್ಟೆ ಅಂಗಡಿಗೆ ಬೇರೆ ಯಾರನ್ನೋ ನೋಡಿಕೊಂಡ. ವರ್ಷ ಕಳೆಯುವುದರೊಳಗೆ ಆ ಇಟ್ಟಿಗೆ ಬಣ್ಣದ ಬಳೆ ನಮ್ಮ ಶೆಡ್ಡಿನ ಗುರುತಾಯಿತು. ಬೇರೆ ಅಂಗಡಿಯವರು ಅದರಲ್ಲೇನೋ ಗುಟ್ಟಿದೆ ಎಂದು ತಾವೂ ಎಳೆಯತೊಡಗಿದರು. ಕಾಂತರಾಜುವೂ ಎಳೆದ. ಆದರೆ ಅವನ ಬಳೆ ಯಾವಾಗಲೂ ಒಂದು ಕಡೆ ಸೊಟ್ಟ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಈಗ ಶೆಡ್ಡು ಪೂರ್ತಿ ನನ್ನದೇ. ಮೊನ್ನೆ ಗುರುತಿಲ್ಲದ ಯಾರೋ ದೂರದ ಊರಿನಿಂದ ಒಂದು ಹಳೆಯ ಕಾರು ತಂದರು. ಕೈಯಿಂದ ಕೈಗೆ ದಾಟಿ ಬಂದ ಗಾಡಿಯಂತೆ. ಬಣ್ಣವೆಲ್ಲ ಮಾಸಿ, ಬಾಗಿಲುಗಳ ಕೆಳಗೆ ತುಕ್ಕು ತಿಂದಿತ್ತು. ಹೊಸ ಆಂಪ್ಲಿಫೈಯರು ಹಾಕಿಕೊಡಿ ಎಂದರು. ಡಿಕ್ಕಿ ತೆರೆದು ಮ್ಯಾಟ್ ಎತ್ತಿದೆ. ಇಟ್ಟಿಗೆ ಬಣ್ಣದ ಒಂದು ಬಳೆ, ಅಂಚು ಎಲ್ಲೂ ಹರಿದಿರಲಿಲ್ಲ. ಗಟ್ಟಿಯಾಗಿದ್ದ ಹಳೆಯ ಗ್ರೀಸು ಒರೆಸಿ ಬೋಲ್ಟು ಬಿಚ್ಚಿ, ವೈರಿನ ತುದಿ ಎತ್ತಿದೆ. ಬಳೆಯ ನಡುವೆ ನಾಣ್ಯದಗಲದ ಕಬ್ಬಿಣ, ನಿನ್ನೆ ಉಜ್ಜಿಟ್ಟ ಹಾಗೆ ಹೊಳೆಯುತ್ತಿತ್ತು.